ಅಡುಗೆಮನೆ ಬಾಗಿಲಿನ ಅತ್ತೆಗೆ ಯಾವ ಲೆನ್ಸು?

ತೀರ್ಮಾನ ತೆಗೆದುಕೊಳ್ಳುವುದು ನನ್ನ ಕೈಲಿ ಆಗದ ಕೆಲಸ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋಟೆಲಿನಲ್ಲಿ ಇಡ್ಲಿಯೋ ದೋಸೆಯೋ ಎಂದು ಕೇಳಿದರೆ ಪಕ್ಕದ ಟೇಬಲ್ಲಿನವರ ತಟ್ಟೆ ನೋಡುವ ಜಾತಿ ನನ್ನದು. ಇಂಥವನ ಕೈಗೆ ಒಂದು ಕ್ಯಾಮೆರಾ, ಅದಕ್ಕೆ ಎರಡು ಲೆನ್ಸು ಕೊಟ್ಟ ದೇವರು ತಮಾಷೆ ನೋಡಲೆಂದೇ ಕೊಟ್ಟಿರಬೇಕು. ಒಂದರ ಮೇಲೆ ಹದಿನೆಂಟು ಎಂದಿದೆ, ಇನ್ನೊಂದರ ಮೇಲೆ ಐವತ್ತು. ಬೇತಮಂಗಲದ ಹತ್ತಿರ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿರುವ ನನಗೆ ಅಂಕಿ ಹೆಚ್ಚಿದ್ದಷ್ಟೂ ಹಾಲು ಗಟ್ಟಿ ಎಂದು ಗೊತ್ತು. ಇಲ್ಲಿ ಎಲ್ಲ ಉಲ್ಟಾ. ಹದಿನೆಂಟಕ್ಕೆ ಇಡೀ ಕೋಣೆ ಕಾಣುತ್ತದೆ, ಐವತ್ತಕ್ಕೆ ಎರಡು ಮುಖ ಕಂಡರೆ ಹೆಚ್ಚು.

ತಂಗಿ ಮಂಜುಳಳ ಸೀಮಂತ ಉರಿಗಾಂನಲ್ಲಿ, ಅವಳ ಗಂಡನ ಮನೆಯಲ್ಲಿ. ಚಿನ್ನದ ಗಣಿಯ ಕಾಲದ ಸಾಲುಮನೆ ಅದು. ಮುಂದಿನ ಕೋಣೆಯಲ್ಲಿ ಮಂಚ, ಬೀರು ಹೋಗಿ ಉಳಿದ ಜಾಗದಲ್ಲಿ ಮನುಷ್ಯರು. "ಅಣ್ಣ, ಬೇರೆ ಯಾರು ಬರ್ದಿದ್ರೂ ಓಗ್ಲಿ, ಈ ಸಲ ಅತ್ತೆ ಫೋಟೋದಾಗೆ ಬರ್ಬೇಕು" ಎಂದು ಮಂಜುಳ ಫೋನಿನಲ್ಲಿ ಅಪ್ಪಣೆ ಮಾಡಿದಳು. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದು, ನಮ್ಮಿಬ್ಬರನ್ನೂ ಎತ್ತಿ ಆಡಿಸಿ ಬೆಳೆಸಿದವಳು. ಶುಭಕಾರ್ಯ ಎಂದರೆ ಯಾರೂ ಹೇಳದಿದ್ದರೂ ಅಡುಗೆಮನೆ ಬಾಗಿಲಿಗೆ ಸರಿದು ನಿಂತುಬಿಡುತ್ತಾಳೆ. ನನ್ನ ಮಗಳ ನಾಮಕರಣಕ್ಕೆ ಐವತ್ತು ಹಾಕಿದ್ದೆ. ಮುಂದಿನವರನ್ನು ಸ್ಪಷ್ಟವಾಗಿ ಹಿಡಿದು ಹಿಂದಿನವರನ್ನು ಮಸುಕು ಮಾಡುವುದೇ ಅದರ ಸೊಬಗಂತೆ. ಅತ್ತೆ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು, "ಇದೇನ್ಲಾ, ಬಾಗ್ಲಾಗೆ ಒಣಗಾಕಿರೋ ಸೀರೇನಾ?" ಎಂದಳು. ಅದು ತಾನೇ ಎಂದು ಗೊತ್ತಾದ ಮೇಲೆ ನಕ್ಕಳು. ಆ ನಗು ನನಗೆ ಇವತ್ತಿಗೂ ಚುಚ್ಚುತ್ತದೆ.

ಬಂಗಾರಪೇಟೆಯ ಸ್ಟುಡಿಯೋದವರನ್ನು ಕೇಳಿದೆ. "ಅದಿನೆಂಟು ಆಕಿ ಸಾರ್, ಬಾಗ್ಲೂ ಬತ್ತದೆ. ಆದ್ರೆ ಅಂಚಿನಾಗೆ ನಿಂತೋರು ಅಗಲ ಆಯ್ತಾರೆ. ಬೀಗಿತ್ತಿ ಅಲ್ಲಿ ನಿಂತ್ರೆ ನಿಮ್ ಸಂಬಂಧ ಮುಗೀತು" ಎಂದರು. ಹಾಗಾದರೆ ಐವತ್ತು? "ಆ ಮನೇಲಿ ಐವತ್ತು ಆಕಿದ್ರೆ ನೀವು ಬೀದೀಲಿ ನಿಂತ್ಕೋಬೇಕು." ಯಾವುದು ಹಾಕಲಿ? "ನಿಮ್ಮಿಷ್ಟ ಸಾರ್." ನನ್ನಿಷ್ಟ ನನಗೆ ಗೊತ್ತಿದ್ದರೆ ಅವರ ಹತ್ತಿರ ಯಾಕೆ ಹೋಗುತ್ತಿದ್ದೆ? ಒಂದು ತಿಂಗಳು ಮನೆಯಲ್ಲೇ ಅಭ್ಯಾಸ ನಡೆಸಿದೆ. ಅತ್ತೆಯ ಬದಲಿಗೆ ಹೆಂಡತಿಯನ್ನು ಅಡುಗೆಮನೆ ಬಾಗಿಲಿನಲ್ಲಿ ನಿಲ್ಲಿಸುತ್ತಿದ್ದೆ. ಎರಡು ಸಲ ಸಾರು ಸೀದುಹೋಯಿತು. ಸೀಮಂತದ ದಿನ ಹೆಂಡತಿಯ ಜೊತೆ ಮಾರಿಕುಪ್ಪಂ ರೈಲು ಹತ್ತಿದವನು ಉರಿಗಾಂನಲ್ಲಿ ಇಳಿಯುವುದರೊಳಗೆ ಮೂರು ಬಾರಿ ಲೆನ್ಸು ಬದಲಿಸಿದ್ದೆ.

ಮೊದಲು ಹದಿನೆಂಟು ಹಾಕಿದೆ. ಬೀಗಿತ್ತಿ, ಅಂದರೆ ಮಂಜುಳಳ ಗಂಡನ ತಾಯಿ, ನೇರ ಅಂಚಿಗೇ ಬಂದು ನಿಂತರು. ಗಾಬರಿಯಾಗಿ ಐವತ್ತಕ್ಕೆ ಬದಲಿಸಿ, ಹಿಂದೆ ಹಿಂದೆ ಸರಿದು, ಹೊಸಿಲು ದಾಟಿ ಬೀದಿಗೇ ಬಂದುಬಿಟ್ಟೆ. "ಪಾತ್ತು ಸಾರ್, ಪಾತ್ತು, ಮೋರಿ!" ಎಂದು ಪಕ್ಕದ ಮನೆಯ ತಮಿಳಮ್ಮ ನೋಡಿಕೊಂಡು ಹೆಜ್ಜೆ ಇಡಲು ಕೂಗಿ ಎಚ್ಚರಿಸಿದರು. ಒಂದು ಕಾಲು ಮೋರಿಯ ಅಂಚಿನಲ್ಲಿ, ಒಂದು ಕಣ್ಣು ಕ್ಯಾಮೆರಾದಲ್ಲಿ. ಅತ್ತೆ ಮಾತ್ರ ಬಾಗಿಲ ಮರೆಯಲ್ಲಿ. ನನ್ನ ಅವಸ್ಥೆ ನೋಡಿದ ಮಂಜುಳ ಒಳಕ್ಕೆ ತಿರುಗಿ, "ಅತ್ತೆ, ಬಾ ಇಲ್ಲಿ. ನೀನೇ ಮೊದ್ಲು ಬಳೆ ತೊಡ್ಸು" ಎಂದಳು.

ನೆರೆದವರೆಲ್ಲ ಬೀಗಿತ್ತಿಯ ಮುಖ ನೋಡಿದರು. "ಬ್ಯಾಡ ಕಣಮ್ಮಿ, ನಾನ್ಯಾಕೆ" ಎಂದು ಅತ್ತೆ ಇನ್ನೂ ಹಿಂದೆ ಸರಿದಳು. ಬೀಗಿತ್ತಿ ಚಾಪೆಯ ಮೇಲೆ ತಾವೇ ಜಾಗ ಬಿಟ್ಟು, "ಬನ್ನಿ ಅಕ್ಕ, ಇವಳನ್ನ ಎತ್ತಿ ಆಡ್ಸಿದ್ ಕೈ ಅಲ್ವಾ" ಎಂದರು. ಅತ್ತೆ ಬಂದು ಕೂತಳು. ಹಸಿರು ಬಳೆಯನ್ನು ಒಂದೊಂದಾಗಿ ಮಂಜುಳಳ ಕೈಗೆ ಏರಿಸಿದಳು, ನನ್ನ ಕಣ್ಣು ಒದ್ದೆಯಾಗಿತ್ತು. ಬೀದಿಯಿಂದಲೇ ಗುಂಡಿ ಒತ್ತಿದೆ. ಅತ್ತೆ ನಿಂತ ಜಾಗಕ್ಕೆ ತಲುಪುವ ಲೆನ್ಸನ್ನು ಒಂದು ತಿಂಗಳು ಹುಡುಕಿದವನಿಗೆ, ಅತ್ತೆಯನ್ನೇ ಕರೆಯಬಹುದು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಫೋಟೋದಲ್ಲಿ ಅತ್ತೆಯ ಮುಖದ ಒಂದೊಂದು ಗೆರೆಯೂ ಬಂದಿದೆ. ಅದನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿ, "ನಾನೇ ಕಣ್ಲಾ" ಎಂದಳು. ನಾನು ಉಬ್ಬಿಹೋಗಿ ಅದನ್ನು ಹೆಂಡತಿಗೂ ತೋರಿಸಿದೆ. ಅವಳು ಅತ್ತೆಯನ್ನು ನೋಡಲಿಲ್ಲ. ಅತ್ತೆಯ ಹಿಂದೆ, ಅತ್ತೆ ಬಿಟ್ಟುಬಂದ ಅಡುಗೆಮನೆ ಬಾಗಿಲಿನಲ್ಲಿದ್ದ ನೀಲಿ ಮಸುಕಿನ ಮೇಲೆ ಬೆರಳಿಟ್ಟು, "ಇದೇನ್ರೀ, ಒಣಗಾಕಿರೋ ಸೀರೇನಾ?" ಎಂದಳು. ಒಂದು ತಿಂಗಳು ಅಭ್ಯಾಸ ಮಾಡಿಸಿದ್ದೆನಲ್ಲ, ಪಾಪ, ತನ್ನ ಜಾಗ ಅದೇ ಎಂದು ನಿಂತಿದ್ದಳು. ಎರಡು ದಿನದಿಂದ ಊಟ ನಾನೇ ಬಡಿಸಿಕೊಳ್ಳುತ್ತಿದ್ದೇನೆ.