ಗಕ್ಕನೆ ಏಳಬ್ಯಾಡ್ರಿ

ಗಾಂಧಿ ಗಂಜದ ಪೇಟೆಯಲ್ಲಿ ತೊಗರಿ ಅಡತಿ ಅಂಗಡಿ ಇಟ್ಟವನಿಗೆ ನಷ್ಟ ಹೊಸದಲ್ಲ, ನಗೆಪಾಟಲೂ ಹೊಸದಲ್ಲ. ಆದರೆ ನಾನು ಗುಳಿಗೆ ನುಂಗಲು ಶುರುಮಾಡಿದ ಮೇಲೆ ನಗೆಪಾಟಲು ವಿಳಾಸ ಕೇಳಿಕೊಂಡು ಮನೆಗೇ ಬರತೊಡಗಿತು.

೧. ದಿಲ್

ಮಳೆ ಕೈಕೊಟ್ಟ ವರ್ಷ. ಹಮಾಲರೆಲ್ಲ ದುಡಿಯಲು ಹೈದರಾಬಾದಿಗೆ ಹೋಗಿದ್ದರು. ತೂಗಲು ಮಾಲಿಲ್ಲದೆ ನನ್ನ ಕಾಟಾದ ಮೇಲೆ ಬೆಕ್ಕು ಮಲಗಿತ್ತು. ನನಗೆ ನಿದ್ದೆಯಿಲ್ಲ, ಊಟ ಬೇಡ. ಹೆಂಡತಿ ದವಾಖಾನೆಗೆ ಎಳೆದೊಯ್ದಳು. ಮೈಸೂರು ಕಡೆಯ ಡಾಕ್ಟರು ಏನಾಗಿದೆ ಅಂದರು.

"ಯಾವುದ್ರಾಗೂ ದಿಲ್ ಹತ್ತವಲ್ದ್ರಿ."

ಮನಸ್ಸು ನಿಲ್ಲದಿದ್ದರೆ ನಮ್ಮ ಕಡೆ ಹಾಗೇ ಅನ್ನೋದು. ಅವರು 'ದಿಲ್' ಒಂದನ್ನೇ ಹಿಡಿದು, ಎದೆಗೆ ವೈರು ಹಚ್ಚಿಸಿ ಇಸಿಜಿ ತೆಗೆಸಿದರು.

"ಇವರ ಹೃದಯ ತುಂಬಾ ಚೆನ್ನಾಗಿದೆ."

ಹೆಂಡತಿ ಅಂದಳು: "ಇಷ್ಟು ವರ್ಷ ಸಂಸಾರ ಮಾಡೀನ್ರಿ, ನನಗೊಮ್ಮಿನೂ ಕಂಡಿಲ್ಲ. ಇನ್ನೊಮ್ಮಿ ನೋಡ್ರಿ."

೨. ಬಾಜೂ ಅಂಗಡಿಯ ಸಲಹೆ

ಅಲ್ಲಿಂದ ಮನೋವೈದ್ಯರ ಹತ್ತಿರ. ಅವರೂ ಗುಳಿಗೆ ಬರೆಯುವ ಮೊದಲು ಇಸಿಜಿ ಪಟ್ಟಿಯನ್ನೇ ನೋಡಿದರು.

"ರೋಗ ಮನಸ್ಸಿಂದು, ಎದಿ ಯಾಕ್ರಿ ನೋಡ್ತೀರಿ?"

"ಇಂಥ ಗುಳಿಗಿ ಕೆಲವು ಎದಿ ಬಡಿತ ಏರುಪೇರು ಮಾಡ್ತಾವ, ಕೆಲವು ಎದ್ದು ನಿಂತಾಗ ಬಿಪಿ ಇಳಸ್ತಾವ. ಗಕ್ಕನೆ ಏಳಬ್ಯಾಡ್ರಿ. ನನ್ನ ಕೇಳದೇ ಗುಳಿಗಿ ಬಿಡಲೂ ಬ್ಯಾಡ್ರಿ."

ಬಾಜೂ ಅಂಗಡಿಯವ ಇದನ್ನು ಕೇಳಿ ಬೆಚ್ಚಿಬಿದ್ದ. "ಎದಿಗೆ ಬರ್ತದಂದ್ರ ಅಂಥಾದ್ದು ಬಾಯಾಗ ಹಾಕಬ್ಯಾಡ್ರಿ ಸಾವ್ಕಾರ್ರೆ!"

ಅವನ ಬಾಯಿ ತುಂಬ ಗುಟ್ಕಾ ಇತ್ತು; ಉಗುಳಿ ಬಂದು ಅದನ್ನೇ ಇನ್ನೊಮ್ಮೆ ಹೇಳಿದ.

೩. ಭಾಲ್ಕಿಯವರು

ಗುಳಿಗೆ ಹತ್ತಿತು, ನಿದ್ದೆ ಬಂತು. ಆದರೆ ಎದ್ದರೆ ಕಣ್ಣು ಕತ್ತಲೆ. ಅಷ್ಟರಲ್ಲಿ ಮಗಳನ್ನು ನೋಡಲು ಭಾಲ್ಕಿಯವರು ಬಂದರು. ಬೀಗರಾಗುವವರು ಹೊಸ್ತಿಲು ದಾಟಿದರೆ ಪುಟಿದೆದ್ದು ಕೈಮುಗಿಯಬೇಕು, ಅದು ರಿವಾಜು. ನಾನು ಕಾಲು ಇಳಿಬಿಟ್ಟು, ಉಸಿರು ಬಿಟ್ಟು, ಗೋಡೆ ಹಿಡಿದು ಏಳುವಷ್ಟರಲ್ಲಿ ಅವರು ಕೂತೇಬಿಟ್ಟಿದ್ದರು.

ಮರುದಿನ ಸುದ್ದಿ ಬಂತು: "ಹುಡುಗಿ ಛಲೋ ಇದ್ದಾಳ. ಅವರಪ್ಪಗ ಸೊಕ್ಕು ಭಾಳ."

೪. ಔರಾದದವರು

ನಿಜ ಹೇಳೋಣವೆಂದರೆ, ಅಪ್ಪ ತಲೆಯ ಗುಳಿಗೆ ನುಂಗುತ್ತಾನೆಂದು ಮಗಳಿಗೂ ಹುಚ್ಚಿಯ ಪಟ್ಟ ಕಟ್ಟುತ್ತಾರೆ. ಈ ಸಂಬಂಧವೂ ಮುರಿದರೆ ಹೆಂಡತಿ ನನ್ನನ್ನು ಬಿಡುವುದಿಲ್ಲ. ಅದಕ್ಕೇ ಔರಾದದವರು ಬರುವ ಮೊದಲೇ ಎದ್ದು ನಿಂತೆ. ಏಳುವ ಪ್ರಶ್ನೆಯೇ ಇಲ್ಲ!

"ಕೂಡ್ರಿ," ಅಂದ ಹುಡುಗನ ತಂದೆ.

"ನೀವು ಕೂಡ್ರಿ."

ನಾನು ಕೂತರೆ ಹಿಂದೆ ಬರುವ ಒಬ್ಬೊಬ್ಬರಿಗೂ ಏಳಬೇಕಲ್ಲ! ಹೆಣ್ಣಿನ ತಂದೆ ನಿಂತಿರುವಾಗ ತಾವು ಕೂಡುವುದು ಹೇಗೆಂದು ಅವರೂ ನಿಂತರು. ಮನೆ ತುಂಬ ಜನ, ಕೈಯಲ್ಲಿ ಉಪ್ಪಿಟ್ಟಿನ ತಾಟು, ಬಸ್ಸಿಗೆ ಕಾದವರಂತೆ.

ಕೊಡುವ ಕೊಳ್ಳುವ ಮಾತು ತೆಗೆಯಲು ಹುಡುಗನ ತಂದೆ ಗಂಟಲು ಸರಿಮಾಡಿಕೊಂಡ. "ಮೊದ್ಲು ಕೂಡ್ರಿ, ಆಮ್ಯಾಲ ಮಾತಾಡೋಣ್ರಿ."

"ಇರ್ಲಿ, ಹೀಂಗೇ ಹೇಳ್ರಿ."

ಅವರು ಸಂಬಂಧಕ್ಕೆ ಒಪ್ಪುವ ತನಕ ಕೂಡುವುದಿಲ್ಲವೆಂದು ನಾನು ಹಠ ಹಿಡಿದಿದ್ದೇನೆ ಅಂತ ಅವನು ತಿಳಿದ. ಅವನ ಹಿಂದೆ ಬಾಗಿಲ ಚೌಕಟ್ಟು ಹಿಡಿದು ತೂಗಾಡುತ್ತಿದ್ದ ಅವನ ಮುದಿ ತಾಯಿ ಕೂಗಿದಳು:

"ಏ, ಹೂಂ ಅಂದುಬಿಡೋ! ಆ ಮನಷ್ಯಾ ಕೂಡಂಗಿಲ್ಲ, ನನ್ನ ಮೊಣಕಾಲು ನಿಲ್ಲಂಗಿಲ್ಲ!"