ಇಳಿಜಾರಿನಲ್ಲಿ ಡ್ರೈವಿಂಗ್ ಮೇಷ್ಟ್ರು

ಮೇಷ್ಟ್ರು: ಬಿಡು ಅಂದೆ ತಾನೆ, ಬಿಡು.

ಹೆಂಡತಿ: ಏನು ಬಿಡ್ಲಿ? ಬ್ರೇಕ್ ಬಿಡ್ಲಾ, ಕ್ಲಚ್ ಬಿಡ್ಲಾ, ಎದುರಿನ ಲಾರಿಗೆ ದಾರಿ ಬಿಡ್ಲಾ?

ಮೇಷ್ಟ್ರು: ದಾರಿ ಕಣೇ.

ಹೆಂಡತಿ: ಹಾಗಂತ ಪೂರ್ತಿ ಹೇಳಿ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೇನೂ ಇಲ್ಲ. ಇಲ್ಲಿ ಅರ್ಧರ್ಧ ಮಾತು ಬೇಡ.

ಮೇಷ್ಟ್ರು ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಬೆಟ್ಟದ ನೆತ್ತಿಯವರೆಗೂ ಸ್ಟಿಯರಿಂಗ್ ಮುಟ್ಟಲು ಯಾರಿಗೂ ಬಿಟ್ಟಿರಲಿಲ್ಲ. ಹದಿನಾಲ್ಕು ಸಾವಿರ ಅಡಿ ಎತ್ತರದ ತೆಳು ಗಾಳಿಗೆ ಅವರ ತಲೆ ಸಿಡಿಯತೊಡಗಿತು, ಎರಡು ಸಲ ವಾಂತಿಯೂ ಆಯಿತು. ವಿಧಿಯಿಲ್ಲದೆ ಹೆಂಡತಿ ಗಾಡಿ ಹಿಡಿದಳು. ಲೈಸೆನ್ಸ್ ಸಿಕ್ಕ ಇಪ್ಪತ್ತು ವರ್ಷಗಳಲ್ಲಿ ಅವಳು ತರಕಾರಿ ಅಂಗಡಿಯಿಂದಾಚೆಗೆ ಓಡಿಸಿದವಳಲ್ಲ. ಪಕ್ಕದ ಸೀಟಿನಲ್ಲಿ ಮೇಷ್ಟ್ರ ಕಾಲು ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು.

ಆರನೇ ತಿರುವಿನಲ್ಲಿ ಸುಟ್ಟ ವಾಸನೆ ಬಂತು.

ಮೇಷ್ಟ್ರು: ಕ್ಲಚ್ ಸುಡ್ತಿದ್ದೀಯ.

ಹೆಂಡತಿ: ಕ್ಲಚ್ ಅಲ್ಲ, ಬ್ರೇಕು. ನೀವು ತುಳಿ ಅಂದಾಗೆಲ್ಲ ತುಳಿದಿದ್ದೀನಿ. ಈಗ ಪೆಡಲ್ಲೇ ಮೆತ್ತಗಾಗಿದೆ.

ಮೇಷ್ಟ್ರು: ಎಷ್ಟು ಮೆತ್ತಗೆ?

ಹೆಂಡತಿ: ನಿಮ್ಮ ದನಿಯಷ್ಟು.

ಅವಳು ಗಾಡಿಯನ್ನು ಒಂದನೇ ಗೇರಿಗೆ ಇಳಿಸಿ, ರಸ್ತೆ ಅಗಲವಾದ ಕಡೆ ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟಳು. ಬ್ರೇಕ್ ಆರುವ ತನಕ ಇಲ್ಲಿಂದ ಕದಲುವುದಿಲ್ಲ ಎಂದಳು. ಮೋಡ ಕವಿಯುತ್ತಿದೆ, ನ್ಯೂಟ್ರಲ್‌ನಲ್ಲಿ ಬಿಟ್ಟರೆ ಬೇಗ ತಲುಪಬಹುದು, ಪೆಟ್ರೋಲೂ ಉಳಿಯುತ್ತದೆ ಎಂದು ಮೇಷ್ಟ್ರು ಪಾಠ ಶುರುಮಾಡಿದರು.

ಹೆಂಡತಿ: ಬೇಗ ತಲುಪ್ತೀವಿ, ನಿಜ. ಎಲ್ಲಿಗೆ ಅನ್ನೋದೇ ಗೊತ್ತಿಲ್ಲ. ರೀ, ಸತ್ಯ ಹೇಳಿ, ಇದಕ್ಕೆ ಮುಂಚೆ ಎಷ್ಟು ಬೆಟ್ಟ ಇಳಿದಿದ್ದೀರಿ?

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಅಲ್ಲಿ ಪ್ರಪಾತ ಕಂಡದ್ದರಿಂದ ಮತ್ತೆ ಒಳಗೇ ನೋಡಿದರು.

ಮೇಷ್ಟ್ರು: ನಮ್ಮೂರ ಫ್ಲೈಓವರ್.

ಅವಳಿಗೆ ನಗು ಬಂತು. ನಗುವಷ್ಟು ಉಸಿರು ಆ ಎತ್ತರದಲ್ಲಿ ಸಿಗಲಿಲ್ಲ.

ಮುಕ್ಕಾಲು ಗಂಟೆ ಕಾದಳು. ಗಂಡನನ್ನು ಹಿಂದಿನ ಸೀಟಿಗೆ ಕಳಿಸಿ, ಎರಡನೇ ಗೇರು ಹಾಕಿ ಹೊರಟಳು. ಎಂಜಿನ್ ಗೊಣಗುತ್ತಾ ಗಾಡಿಯನ್ನು ತಾನೇ ಹಿಡಿದುಕೊಂಡಿತು. ಬ್ರೇಕಿಗೆ ತಿರುವಿನಲ್ಲಷ್ಟೇ ಕೆಲಸ. ಮೋಡದೊಳಗೆ ಲೈಟು ಹಾಕಿ, ಹಾರನ್ ಹೊಡೆಯುತ್ತಾ ಇಪ್ಪತ್ತೊಂದು ತಿರುವು ಇಳಿದಳು. ಹಿಂದಿನಿಂದ ಒಂದು ಮಾತೂ ಬರಲಿಲ್ಲ. ಮದುವೆಯಾದ ಮೇಲೆ ಅಷ್ಟು ನೆಮ್ಮದಿಯ ಪ್ರಯಾಣ ಅವಳಿಗೆ ಅದೇ ಮೊದಲು.

ಕೆಳಗೆ ರಸ್ತೆ ಸಪಾಟಾಯಿತು. ಮೇಷ್ಟ್ರ ತಲೆನೋವು ಇಳಿದಿತ್ತು.

ಮೇಷ್ಟ್ರು: ಸಾಕು, ಇಳಿ. ಇನ್ನು ನೇರ ರಸ್ತೆ, ನಾನು ಓಡಿಸ್ತೀನಿ.

ಹೆಂಡತಿ: ಸುಮ್ನೆ ಕೂತ್ಕೊಳ್ಳಿ. ನೇರ ರಸ್ತೆಗೆ ಮೇಷ್ಟ್ರೇ ಬೇಕಾ?