ದೊಡ್ಡಣ್ಣನ ಕಾಫಿಗಾಗಿ ಕೆಟಲ್ ತೊಳೆದದ್ದು

ಹೋದ ವರ್ಷ ದೊಡ್ಡಣ್ಣ ಬರೋಡಕ್ಕೆ ಬಂದಾಗ, ನಂಜುಂಡ ಕೊಟ್ಟ ಕಾಫಿಯನ್ನು ಒಂದು ಗುಟುಕು ಕುಡಿದು, ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಿದ್ದ. ಕಾಫಿ ಅಷ್ಟು ಕೆಟ್ಟದಾಗಿತ್ತೇ ಎಂಬ ಕೊರಗು ನಂಜುಂಡನನ್ನು ವರ್ಷವಿಡೀ ಕಾಡಿತು. ಕೋಲಾರದ ಕಡೆಯ ಅವನನ್ನು ವಿಮಾ ಕಚೇರಿಯವರು ಬರೋಡದ ಗೋರ್ವಾ ಬಡಾವಣೆಗೆ ತಂದು ಹಾಕಿದ್ದರು. ಅಮ್ಮ ತೀರಿಕೊಂಡ ಮೇಲೆ ಅವಳ ಕಾಫಿಯ ರುಚಿ ಬಲ್ಲವರು ಅಣ್ಣತಮ್ಮ ಇಬ್ಬರೇ. ಇವತ್ತು ದೊಡ್ಡಣ್ಣ ಅಹಮದಾಬಾದಿನ ಮದುವೆ ಮುಗಿಸಿಕೊಂಡು ಊರಿಗೆ ಹೋಗುವ ದಾರಿಯಲ್ಲಿ ಸಂಜೆ ಬಂದು ಹೋಗುವವನಿದ್ದ. ಈ ಸಲವಾದರೂ ಅಮ್ಮನ ಕಾಫಿ ಕುಡಿಸಿ ಕಳಿಸಬೇಕು.

ತಪ್ಪು ಯಾರದೆಂದು ಕೆಟಲ್ ಮುಚ್ಚಳ ತೆಗೆದಾಗ ಹೊಳೆಯಿತು. ಬೋರ್‌ವೆಲ್ ನೀರಿನ ಸುಣ್ಣ ಒಳಗೆಲ್ಲ ಹಳೇ ಗೋಡೆಯ ಹಾಗೆ ಚಕ್ಕೆ ಕಟ್ಟಿತ್ತು.

"ಅದರ ತಂಟೆಗೆ ಹೋಗ್ಬೇಡಿ. ನೀವು ಕೈ ಹಾಕಿದ್ದು ಯಾವುದು ನೆಟ್ಟಗಾಗಿದೆ?" ಎಂದಳು ಹೆಂಡತಿ ಪದ್ಮಾವತಿ.

ಕೇಳದೆ ಹುಣಸೆಹುಳಿ ಕಿವುಚಿ ಸುರಿದ. ಅಷ್ಟರಲ್ಲಿ ಎದುರುಮನೆಯ ಪೂರ್ವಿಬೆನ್ ಒಳಗೆ ಬಂದು ಇಣುಕಿದಳು. "ಸಾರು ಮಾಡ್ತಿದೀರಾ ನಂಜುಂಡಭಾಯ್? ಇದಕ್ಕೆ ಢೋಕ್ಲಾ ಸೋಡಾನೇ ಆಗಬೇಕು," ಎಂದು ಹಿಂದಿಯಲ್ಲಿ ಹೇಳಿ ತಾನೇ ನಾಲ್ಕು ಚಮಚ ಹಾಕಿದಳು. ಹುಳಿಗೆ ಸೋಡಾ ಬಿದ್ದದ್ದೇ ತಡ, ನೊರೆ ಉಕ್ಕಿ ಕಟ್ಟೆಯಿಳಿದು ಪದ್ಮಾವತಿ ಹುರಿದಿಟ್ಟಿದ್ದ ರವೆಯನ್ನು ಸೇರಿತು.

ಗಲಾಟೆ ಕೇಳಿ ಮೇಲಿನ ಮನೆಯ ವಿಠ್ಠಲ ಇಳಿದು ಬಂದ. ಫತೇಗಂಜ್‌ನಲ್ಲಿ ಉಡುಪಿ ಹೋಟೆಲ್ ಇಟ್ಟವನು. "ಎಂತ ಮಾರಾಯ್ರೆ ಇದು? ಲಿಂಬೆಹುಳಿ ಹಿಂಡಿ ಕುದಿಸಿದ್ರೆ ಮುಗೀತು." ಪದ್ಮಾವತಿ ಉಪ್ಪಿನಕಾಯಿಗೆ ತಂದಿಟ್ಟಿದ್ದ ನಿಂಬೆಹಣ್ಣೆಲ್ಲ ಖಾಲಿಯಾಯಿತು. ಸಂಜೆಯ ಹೊತ್ತಿಗೆ ನಂಜುಂಡನ ಅಂಗಿ ಒರೆಸೋ ಬಟ್ಟೆಯಾಗಿತ್ತು, ಕೆಟಲ್ ಮಾತ್ರ ಮುಖ ನೋಡಿ ತಲೆ ಬಾಚುವಷ್ಟು ಹೊಳೆಯುತ್ತಿತ್ತು.

ದೊಡ್ಡಣ್ಣ ಬಂದ. ಕಾಫಿ ಬಾಯಿಗಿಟ್ಟ. ನೆರೆಯವರಿಬ್ಬರೂ ತಮ್ಮದೇ ಪರೀಕ್ಷೆಯ ಫಲಿತಾಂಶವೆಂಬಂತೆ ಬಾಗಿಲಲ್ಲಿ ನಿಂತಿದ್ದರು.

"ನೀರು ಬದಲಾಯಿಸಿದ್ಯೇನೋ?"

"ಇಲ್ಲಣ್ಣ, ಕೆಟಲ್ ತೊಳೆದೆ."

ದೊಡ್ಡಣ್ಣ ಲೋಟ ಕೆಳಗಿಟ್ಟ. "ಹೋದ ಸಲ ಕುಡಿದಾಗ ಅಮ್ಮ ಎದುರಿಗೇ ಬಂದು ನಿಂತಂಗಾಯ್ತು ಕಣೋ. ಅಳು ತಡೀಲಿಲ್ಲ. ನಮ್ಮ ಬಾವಿ ನೀರು ಕುದ್ದು ಕುದ್ದು ಅವಳ ಪಾತ್ರೇಲಿ ಸುಣ್ಣ ಕಟ್ಟಿತ್ತಲ್ಲ, ಒಂದಿನ ಕೆರೆದೋಳಲ್ಲ. ಅದೇ ರುಚಿ ನಿನ್ನ ಕೆಟಲ್‌ನಲ್ಲಿತ್ತು. ಅದಕ್ಕೇ ಇಲ್ಲಿ ಇಳಿದೆ."

ನಂಜುಂಡ ಹೊಳೆಯುವ ಕೆಟಲ್‌ನತ್ತ ನೋಡಿದ. ಇಷ್ಟು ದಿನ ಅಮ್ಮನ ಕಾಫಿಯನ್ನೇ ಕುಡಿಯುತ್ತ, ಅಮ್ಮನ ಕಾಫಿ ಸಿಗುವುದಿಲ್ಲವೆಂದು ಗೊಣಗಿದ್ದನಲ್ಲ.

"ಮತ್ತೆ ಸುಣ್ಣ ಕಟ್ಟೋಕೆ ಎಷ್ಟು ದಿನ ಬೇಕು?" ದೊಡ್ಡಣ್ಣ ಕೇಳಿದ.

"ಇಲ್ಲಿನ ನೀರಿಗೆ ಎರಡು ತಿಂಗಳು ಸಾಕು ಮಾರಾಯ್ರೆ," ಎಂದ ವಿಠ್ಠಲ ಉತ್ಸಾಹದಿಂದ.

"ಸರಿ, ಅಲ್ಲೀವರೆಗೂ ಇಲ್ಲೇ ಇರ್ತೀನಿ. ನಂಜುಂಡಾ, ನನ್ನ ಟಿಕೆಟ್ ಕ್ಯಾನ್ಸಲ್ ಮಾಡು. ಬಿಡದೆ ಕಾಯಿಸ್ತಾ ಇದ್ರೆ ಬೇಗ ಕಟ್ಟುತ್ತೆ."

ಪದ್ಮಾವತಿಯ ಮುಖ ನೋಡುವ ಧೈರ್ಯ ಸಾಲದೆ ನಂಜುಂಡ ಕೆಟಲ್‌ಗೆ ನೀರು ತುಂಬಿ ಸ್ವಿಚ್ ಒತ್ತಿದ.